ರಾತ್ರಿ 8ಕ್ಕೆ ಮನೆಗೆ ಬಂದು ಪಾಸ್ತಾ: ಸಾಸ್ ಒಂದು ಕಡೆ, ಪಾಸ್ತಾ ಒಂದು ಕಡೆ ಆಗೋದು ಯಾಕೆ?

ಸಂಜೆ ಗಡಿಬಿಡಿ (ಬೆಂಗಳೂರು), ಮಂಗಳವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಜಾರಲ್ಲೇ ಬರೆಯುತ್ತಿದ್ದೇನೆ. ಕೆಲಸ ಮುಗಿಸಿ ಮನೆ ಸೇರುವಾಗ 7:45 ಆಗುತ್ತದೆ. ಮಗಳಿಗೆ 8 ವರ್ಷ. ಎರಡು ದಿನದಿಂದ ಪಾಸ್ತಾ ಪಾಸ್ತಾ ಅಂತ ಕೇಳುತ್ತಿದ್ದಳು. ಹೊರಗಿನಿಂದ ತರಿಸೋದು ಬೇಡ, ಮನೆಯಲ್ಲಿ ಇರೋದರಲ್ಲೇ ಮಾಡೋಣ ಅಂತ ಇವತ್ತು ಹೊರಟೆ. ಇದ್ದದ್ದು ಅರ್ಧ ಪ್ಯಾಕೆಟ್ ಪೆನ್ನೆ (ಕೊಳವೆ ಆಕಾರದ ಪಾಸ್ತಾ, ಸುಮಾರು 250 ಗ್ರಾಂ), 4 ಟೊಮೆಟೊ, 2 ಈರುಳ್ಳಿ, ಅರ್ಧ ದೊಣ್ಣೆಮೆಣಸಿನಕಾಯಿ, 3 ಚೀಸ್ ಕ್ಯೂಬ್, ಹಾಲು, ಮೊಸರು, ಕಡಲೆಕಾಯಿ ಬೀಜ, ಕೊತ್ತಂಬರಿ ಸೊಪ್ಪು, ಒಣಗಿ ಹೋಗಿದ್ದ ನಾಲ್ಕು ಬ್ರೆಡ್.

ಪಾಸ್ತಾ 15 ನಿಮಿಷ ಬೇಯಿಸಿದೆ. ಬಸಿದು ನಲ್ಲಿ ಕೆಳಗೆ ಹಿಡಿದೆ, ಅಂಟಬಾರದು ಅಂತ. ಈರುಳ್ಳಿ ಟೊಮೆಟೊ ಬಾಡಿಸಿ ಅದಕ್ಕೆ ಹಾಲು ಹಾಕಿದೆ. ಹಾಲು ಒಡೆಯಿತು. ಆದರೂ ಪಾಸ್ತಾ ಹಾಕಿ ಕಲಸಿದೆ. ತಟ್ಟೆಗೆ ಹಾಕಿದರೆ ಕೆಂಪು ನೀರು ಅಡಿಯಲ್ಲಿ ನಿಂತಿತು, ಮೇಲೆ ಪೆನ್ನೆ ಬೆಳ್ಳಗೆ ಹಾಗೇ ಇತ್ತು. ಮಗಳು ಮೂರು ತುಂಡು ತಿಂದು ಮೊಸರನ್ನ ಕೇಳಿದಳು. ಅತ್ತೆ ಏನೂ ಹೇಳಲಿಲ್ಲ, ಆದರೆ ಅವರೂ ಮೊಸರನ್ನಕ್ಕೇ ಹೋದರು. ಅಂದಹಾಗೆ ಅತ್ತೆ ಬೆಳ್ಳುಳ್ಳಿ ತಿನ್ನೋದಿಲ್ಲ.

ನನಗೆ ಬೇಕಾಗಿರೋದು ಇಷ್ಟೇ. 25 ನಿಮಿಷದಲ್ಲಿ, ಮನೆಯಲ್ಲಿ ಇರೋ ಸಾಮಾನಿನಲ್ಲಿ, ಎಲ್ಲರೂ ಕೂತು ತಿನ್ನೋ ಹಾಗೆ. ಎಲ್ಲಿ ತಪ್ಪಿದೆ ಹೇಳಿ.

ಒಗ್ಗರಣೆ ಡಬ್ಬಿ (ಮೈಸೂರು), 10:31

ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಮಾಡಿದ್ದರಲ್ಲಿ ದೊಡ್ಡ ತಪ್ಪು ಒಂದೇ. ಬಸಿದ ನೀರನ್ನು ಚೆಲ್ಲಿಬಿಟ್ಟಿರಿ.

ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲಿ ಬಸ್ಸಾರು ಮಾಡುವ ಜನ ನಾವು. ಆ ನೀರಿನಲ್ಲೇ ರುಚಿ ಇರೋದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಸ್ತಾ ಅಂದ ಕೂಡಲೇ ಮಾತ್ರ ಸಿಂಕಿಗೆ ಸುರಿಯುತ್ತೇವೆ. ಪಾಸ್ತಾ ಬೆಂದ ನೀರಿನಲ್ಲಿ ಗಂಜಿ ಇಳಿದಿರುತ್ತದೆ, ನೋಡಿದರೆ ಮಬ್ಬಾಗಿ ಕಾಣುತ್ತದೆ. ಅದನ್ನು ಒಂದು ಲೋಟ ತೆಗೆದಿಟ್ಟು ಸಾಸಿಗೆ ಸ್ವಲ್ಪ ಸ್ವಲ್ಪ ಹಾಕಿದರೆ ಎಣ್ಣೆಯೂ ಟೊಮೆಟೊ ನೀರೂ ಒಂದಾಗಿ ಗಟ್ಟಿಯಾಗುತ್ತವೆ. ಆಗ ಸಾಸು ಪಾಸ್ತಾಕ್ಕೆ ಹಿಡಿಯುತ್ತದೆ. ನೀವು ನಲ್ಲಿ ಕೆಳಗೆ ಹಿಡಿದಾಗ ಪಾಸ್ತಾ ಮೇಲಿದ್ದ ಗಂಜಿಯೂ ತೊಳೆದು ಹೋಯಿತು. ಇನ್ನು ಸಾಸು ಯಾವುದನ್ನು ಹಿಡಿಯಬೇಕು ಹೇಳಿ?

ಇನ್ನೊಂದು ವಿಷಯ. ಪಾಸ್ತಾ ಪೂರ್ತಿ ಬೇಯಿಸಬೇಡಿ. ಪ್ಯಾಕೆಟ್ ಮೇಲೆ ಬರೆದಿದ್ದಕ್ಕಿಂತ 2 ನಿಮಿಷ ಮೊದಲೇ ತೆಗೆದು ಬಾಣಲೆಯ ಸಾಸಿಗೆ ಹಾಕಿ. ಉಳಿದದ್ದು ಅಲ್ಲೇ ಬೇಯಲಿ.

ಪಾತ್ರೆ ಪಗಡೆ, 10:34

ನಾನೂ 6 ವರ್ಷದಿಂದ ನಲ್ಲಿ ಕೆಳಗೇ ಹಿಡಿಯುತ್ತಿದ್ದೆ!! ಯಾರೂ ಹೇಳಿರಲಿಲ್ಲ.

ಒಗ್ಗರಣೆ ಡಬ್ಬಿ, 10:36

ಪಾಸ್ತಾ ಸಲಾಡ್ ಮಾಡೋದಾದರೆ ತಣ್ಣೀರು ಸರಿ. ಬಿಸಿಬಿಸಿ ತಿನ್ನೋದಕ್ಕೆ ಬೇಡ.

ಕಡಲ ಬದಿ (ಮಂಗಳೂರು), 10:40

15 ನಿಮಿಷ ಬೇಯಿಸಿದರೆ ಮೆತ್ತಗಾಗದೆ ಇನ್ನೇನಾಗುತ್ತದೆ? ನಮ್ಮ ಮನೆಯ ಪ್ಯಾಕೆಟ್ ಮೇಲೆ 11 ನಿಮಿಷ ಅಂತ ಇದೆ. ನಾನು 9ಕ್ಕೇ ತೆಗೆಯುತ್ತೇನೆ, ಸರಿಯಾಗಿರುತ್ತದೆ.

ಮಡಿಕೇರಿ ಮಳೆ, 10:52

ಒಪ್ಪೋದಿಲ್ಲ. ನಮ್ಮಲ್ಲಿ 11 ನಿಮಿಷಕ್ಕೆ ತೆಗೆದರೆ ನಡುವೆ ಹಿಟ್ಟು ಹಿಟ್ಟೇ ಇರುತ್ತದೆ. 13 ಆದರೂ ಬೇಕು. ಮೊದಮೊದಲು ನನಗೇ ಅಡುಗೆ ಬರೋದಿಲ್ಲ ಅಂದುಕೊಂಡಿದ್ದೆ. ಮಂಗಳೂರಲ್ಲಿರೋ ಅಕ್ಕನ ಮನೆಯಲ್ಲಿ ಅದೇ ಕಂಪನಿ ಪಾಸ್ತಾ, ಅದೇ ಪಾತ್ರೆ, ಬೇಗ ಬೇಯುತ್ತದೆ. ಗ್ಯಾಸ್ ವ್ಯತ್ಯಾಸ ಇರಬೇಕು.

ನಿವೃತ್ತ ಮೇಷ್ಟ್ರು (ಹಾಸನ), 11:03

ಗ್ಯಾಸ್ ಅಲ್ಲ, ಎತ್ತರ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 300 ಮೀಟರ್ ಮೇಲೆ ಹೋದ ಹಾಗೆ ಒಂದೊಂದು ಡಿಗ್ರಿ ಕಡಿಮೆ ಅಂತ ಇಟ್ಟುಕೊಳ್ಳಿ. ಬೆಂಗಳೂರು 900 ಮೀಟರಿಗೆ ಮೇಲಿದೆ, ಅಲ್ಲಿ 97ರ ಆಸುಪಾಸು. ಮಡಿಕೇರಿ ಇನ್ನೂ ಮೇಲೆ, 96ರ ಹತ್ತಿರ. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗೋದಿಲ್ಲ. ಬೇಯೋದು ನಿಧಾನ. ಅದಕ್ಕೇ ನಿಮ್ಮಿಬ್ಬರ ಮಾತೂ ನಿಜ. ಕುಕ್ಕರಿನಲ್ಲಿ ಬೇಳೆ ಬೇಗ ಬೇಯೋದು ಇದರ ತಿರುಗುಮುರುಗು ಕಾರಣಕ್ಕೆ.

ಕಡಲ ಬದಿ, 11:06

ಓಹ್. ಇದು ಗೊತ್ತಿರಲಿಲ್ಲ ಸರ್. ಹಾಗಾದರೆ ಉಪ್ಪು ಹಾಕಿದರೆ ನೀರು ಹೆಚ್ಚು ಬಿಸಿಯಾಗುತ್ತದೆ ಅಂತಾರಲ್ಲ, ಮಡಿಕೇರಿಯವರು ಉಪ್ಪು ಜಾಸ್ತಿ ಹಾಕಬಹುದಾ?

ನಿವೃತ್ತ ಮೇಷ್ಟ್ರು, 11:11

ಒಂದು ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಏರೋದು ಒಂದು ಡಿಗ್ರಿಯ ಐದನೇ ಒಂದು ಭಾಗವೂ ಇಲ್ಲ. ಉಪ್ಪು ರುಚಿಗೆ ಮಾತ್ರ. ಆದರೆ ರುಚಿಗೆ ಬೇಕೇ ಬೇಕು, ಯಾಕೆಂದರೆ ಪಾಸ್ತಾ ಒಳಗೆ ಉಪ್ಪು ಹೋಗೋದು ಬೇಯುವಾಗಲೇ. ಆಮೇಲೆ ಮೇಲಿನಿಂದ ಉದುರಿಸಿದರೆ ಸಾಸು ಉಪ್ಪು, ಪಾಸ್ತಾ ಸಪ್ಪೆ.

ಮಡಿಕೇರಿ ಮಳೆ, 11:15

ಗಡಿಯಾರ ಬಿಟ್ಟುಬಿಡೋದೇ ಒಳ್ಳೇದು. ನಾನು ಈಗ ಮಾಡೋದು ಹೀಗೆ. ಒಂದು ಪೆನ್ನೆ ತೆಗೆದು ಚಾಕುವಿನಲ್ಲಿ ಅಡ್ಡಕ್ಕೆ ಕತ್ತರಿಸಿ ನೋಡುತ್ತೇನೆ. ಗೋಡೆಯ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಬಾಣಲೆಗೆ ಹಾಕುವ ಹೊತ್ತು. ಗೆರೆ ದಪ್ಪ ಇದ್ದರೆ ಇನ್ನೊಂದು ನಿಮಿಷ. ಗೆರೆಯೇ ಇಲ್ಲ ಅಂದರೆ ತಡವಾಯಿತು, ಸಾಸನ್ನೇ ಮೊದಲು ಗಟ್ಟಿ ಮಾಡಿಕೊಂಡು ಕೊನೆಗೆ ಸುಮ್ನೆ ಕಲಸಿ ಇಳಿಸಬೇಕು.

ಸಂಜೆ ಗಡಿಬಿಡಿ, 11:20

ಇಷ್ಟು ಜನ ಉತ್ತರ ಕೊಡ್ತೀರಿ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್. 250 ಗ್ರಾಂಗೆ ನೀರು ಎಷ್ಟು ಇಡಬೇಕು? ನಾನು ಅನ್ನಕ್ಕೆ ಇಡೋ ಹಾಗೆ ಅಳತೆ ಮಾಡಿ ಇಟ್ಟಿದ್ದೆ.

ತೊರಿನೊ ಕನ್ನಡಿಗ (ಇಟಲಿ), ಬುಧವಾರ ಬೆಳಿಗ್ಗೆ 1:48

ಇಲ್ಲಿನ ಲೆಕ್ಕ ಹೇಳುತ್ತೇನೆ. 100 ಗ್ರಾಂ ಪಾಸ್ತಾ, 1 ಲೀಟರ್ ನೀರು, 10 ಗ್ರಾಂ ಉಪ್ಪು. ಆದರೆ ಮನೆಯಲ್ಲಿ ಎರಡೂವರೆ ಲೀಟರ್ ಕುದಿಸೋದಕ್ಕೇ ನಿಮ್ಮ ಅರ್ಧ ಸಮಯ ಹೋಗುತ್ತದೆ. 250 ಗ್ರಾಂಗೆ ಒಂದೂವರೆ ಲೀಟರ್ ಸಾಕು. ಉಪ್ಪು ಎರಡು ಟೀ ಚಮಚ. ಆಗಾಗ ತಿರುವುತ್ತಿರಿ, ಮೊದಲ ಎರಡು ನಿಮಿಷ ಬಿಡಲೇಬೇಡಿ, ಅಂಟೋದು ಆಗಲೇ. ನೀರು ಕಡಿಮೆ ಇದ್ದಷ್ಟೂ ಗಂಜಿ ದಪ್ಪ, ನಿಮಗೆ ಅದೇ ಬೇಕಲ್ವಾ.

ನಾನು ಇಲ್ಲಿಗೆ ಬಂದು 9 ವರ್ಷ. ಬಂದ ಹೊಸತರಲ್ಲಿ ಪಾಸ್ತಾ ಅಂದರೆ ಚೀಸು ಕೆನೆ ಸುರಿದದ್ದು ಅಂದುಕೊಂಡಿದ್ದೆ. ಪಕ್ಕದ ಮನೆಯ ಅಜ್ಜಿ ದಕ್ಷಿಣದ ಪೂಲ್ಯಾ ಕಡೆಯವರು. ಒಂದು ರಾತ್ರಿ ಊಟಕ್ಕೆ ಕರೆದರು. ಕಡಲೆಕಾಳು ಬೇಯಿಸಿದ್ದು, ಅದರ ಜೊತೆ ಅಗಲ ಎಳೆಯ ಪಾಸ್ತಾ, ಮೇಲೆ ಅದೇ ಪಾಸ್ತಾದ ಸ್ವಲ್ಪ ಭಾಗವನ್ನು ಎಣ್ಣೆಯಲ್ಲಿ ಕರಿದು ಹಾಕಿದ್ದರು. ಕರಿದದ್ದು ಬಾಯಲ್ಲಿ ಕರಕರ ಅಂದಾಗ ನನಗೆ ನೆನಪಾಗಿದ್ದು ಹುಳಿಯನ್ನದ ಜೊತೆ ಸಂಡಿಗೆ. ಅದರ ಹೆಸರು ಚಿಚೇರಿ ಎ ತ್ರಿಯಾ. ಚೀಸು ಇಲ್ಲ, ಕೆನೆ ಇಲ್ಲ. ಕಾಳು, ಹಿಟ್ಟು, ಎಣ್ಣೆ ಅಷ್ಟೇ.

ಅದಕ್ಕೇ ಹೇಳುತ್ತೇನೆ, ನಿಮ್ಮ ಒಣಗಿದ ಬ್ರೆಡ್ ಬಿಸಾಡಬೇಡಿ. ಅಲ್ಲಿ ದಕ್ಷಿಣದಲ್ಲಿ, ಸಿಸಿಲಿಯಲ್ಲೂ, ಚೀಸಿಗೆ ದುಡ್ಡಿಲ್ಲದ ಕಾಲದಿಂದ ಬ್ರೆಡ್ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾ ಮೇಲೆ ಉದುರಿಸುತ್ತಾರೆ. ಮಿಕ್ಸಿಯಲ್ಲಿ ತರಿತರಿ ಪುಡಿ ಮಾಡಿ, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು, ಸ್ವಲ್ಪ ಖಾರದ ಪುಡಿ. ಸಣ್ಣ ಉರಿಯಲ್ಲಿ ಗೋಧಿ ಬಣ್ಣ ಬರುವ ತನಕ ಹುರಿಯಿರಿ. ಮಕ್ಕಳು ಇದನ್ನು ಬರೀ ಬಾಯಲ್ಲೇ ಖಾಲಿ ಮಾಡುತ್ತಾರೆ.

ಬೆಳ್ಳುಳ್ಳಿ ಇದ್ದವರಿಗೆ ಇನ್ನೂ ಸುಲಭದ್ದಿದೆ. ನೇಪಲ್ಸಿನ ಆಲ್ಯೊ ಎ ಒಲ್ಯೊ. ಬೆಳ್ಳುಳ್ಳಿ ಬಿಲ್ಲೆ, ಒಣಮೆಣಸಿನಕಾಯಿ, ಎಣ್ಣೆ, ಬಸಿದ ನೀರು. ಒಂದು ರೀತಿಯಲ್ಲಿ ನಮ್ಮ ಒಗ್ಗರಣೆಯೇ. ಆದರೆ ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗಬಾರದು, ಕಹಿ ಬರುತ್ತದೆ. ತಣ್ಣನೆ ಎಣ್ಣೆಗೇ ಹಾಕಿ ಒಲೆ ಹಚ್ಚಿ.

ಬಸವನಗುಡಿ ಬೆಂಚು, 7:02

ಪಾಸ್ತಾನಾ ಪಾಸ್ಟಾನಾ? ನಾವೆಲ್ಲ ಪಾಸ್ಟಾ ಅಂತೀವಿ.

ತೊರಿನೊ ಕನ್ನಡಿಗ, 12:20 (7:02ರ ಪ್ರಶ್ನೆಗೆ ಉತ್ತರ)

ಪಾಸ್ತಾ. ಇಟಾಲಿಯನ್ನಿನಲ್ಲಿ ನಮ್ಮ ತ ಇದೆ, ಟ ಇಲ್ಲ. ಇಂಗ್ಲಿಷಿನ ಮೂಲಕ ಬಂದಿದ್ದಕ್ಕೆ ಟ ಆಯಿತು. ಒತ್ತಕ್ಷರವೂ ಅವರಿಗೆ ಮುಖ್ಯ. ಪೆನ್ನೆಯಲ್ಲಿ ನ ಒತ್ತು ಬಿಟ್ಟು ಹೇಳಿದರೆ ಬೇರೆ, ಊಟದ ಮೇಜಿನಲ್ಲಿ ಆಡಬಾರದ ಅರ್ಥ ಬರುತ್ತದೆ. ಇಂಗ್ಲಿಷರಿಗೆ ಇದು ಕಷ್ಟ, ನಮಗಲ್ಲ. ಹತ್ತು, ಮುತ್ತು ಅಂತ ಹುಟ್ಟಿದಾಗಿನಿಂದ ಒತ್ತು ಕೊಟ್ಟೇ ಮಾತಾಡುತ್ತೇವೆ.

ಕಟ್ಟಾ ಮುದ್ದೆ (ಮಂಡ್ಯ), 7:30

ಎಲ್ಲ ಸರಿ, ಪಾಸ್ತಾನೇ ಯಾಕೆ? ಮೈದಾ ತಿನ್ನಿಸಿ ಮಕ್ಕಳ ಹೊಟ್ಟೆ ಕೆಡಿಸೋದು. ಅದೇ 25 ನಿಮಿಷದಲ್ಲಿ ಮುದ್ದೆ ಮಾಡಿ ಉಪ್ಸಾರು ಮಾಡಬಹುದು.

ಒಗ್ಗರಣೆ ಡಬ್ಬಿ, 7:41

ಮುದ್ದೆ ಮೇಲೆ ಯಾರಿಗೂ ದ್ವೇಷ ಇಲ್ಲ ಸರ್. ಮಗು ಪಾಸ್ತಾ ಕೇಳಿದೆ. ಮತ್ತೆ ಎಲ್ಲ ಪಾಸ್ತಾ ಮೈದಾ ಅಲ್ಲ. ಪ್ಯಾಕೆಟ್ ತಿರುಗಿಸಿ ಓದಿ, ಡ್ಯೂರಮ್ ಗೋಧಿ ರವೆ ಅಂತ ಇದ್ದರೆ ಅದು ರವೆಯದ್ದು. ಅದು ಗಟ್ಟಿ ಗೋಧಿ, ಬೇಯಿಸಿದರೂ ಆಕಾರ ಬಿಡೋದಿಲ್ಲ. ಮೈದಾದ್ದು ಎರಡು ನಿಮಿಷ ಹೆಚ್ಚಾದರೆ ಮುದ್ದೆಯಾಗುತ್ತದೆ. ನಾನು 100 ಗ್ರಾಂಗೆ ಪ್ರೋಟೀನ್ ಎಷ್ಟು ಅಂತ ನೋಡುತ್ತೇನೆ. 12 ಗ್ರಾಂ ಅಥವಾ ಜಾಸ್ತಿ ಇದ್ದರೆ ತರುತ್ತೇನೆ.

ಕಟ್ಟಾ ಮುದ್ದೆ, 7:55

ರವೆ ಆದರೆ ಸರಿ, ಅಷ್ಟು ಒಪ್ಪುತ್ತೇನೆ. ಆದರೂ 8 ಗಂಟೆಗೆ ಬಂದು ಹೆಣ್ಣುಮಗಳೊಬ್ಬಳೇ ಇಷ್ಟೆಲ್ಲ ಒದ್ದಾಡಬೇಕಾ? ಮನೆಯಲ್ಲಿ ಇನ್ಯಾರೂ ಇಲ್ವಾ? ಇದು ನಾನು ಮನಸ್ಸಿನಿಂದಲೇ ಕೇಳುತ್ತಿದ್ದೇನೆ. ನನ್ನ ತಂಗಿಯದೂ ಇದೇ ಪಾಡು.

ರಾತ್ರಿ ಪಾಳಿ ಮನೆ (ಶಿವಮೊಗ್ಗ), 8:20

ಇದು ನಾನೇ ಬರೆಯಬೇಕು ಅಂದುಕೊಂಡಿದ್ದೆ. ನನ್ನ ಹೆಂಡತಿ ನರ್ಸ್. ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ. ಮದುವೆಯಾದಾಗ ನನಗೆ ಕಾಫಿ ಬಿಟ್ಟು ಏನೂ ಬರುತ್ತಿರಲಿಲ್ಲ. ಮಗ ಹುಟ್ಟಿದ ಮೇಲೆ ಕಲಿತೆ, ಕಲಿಯದೆ ದಾರಿಯೇ ಇರಲಿಲ್ಲ. ಅವಳು ಬೆಳಿಗ್ಗೆ 8ಕ್ಕೆ ಬಂದು ಕುಸಿದು ಕೂತುಕೊಳ್ಳೋದನ್ನು ನೋಡಿದವರಿಗೆ ರಾತ್ರಿ ಅಡುಗೆ ಯಾರು ಮಾಡಬೇಕು ಅನ್ನೋ ಪ್ರಶ್ನೆ ಬರೋದಿಲ್ಲ.

ನನ್ನದು ಕುಕ್ಕರ್ ಪಾಸ್ತಾ. ಎಣ್ಣೆ, ಜೀರಿಗೆ, ಈರುಳ್ಳಿ, ಟೊಮೆಟೊ, ಇದ್ದ ತರಕಾರಿ ಕುಕ್ಕರಿನಲ್ಲೇ ಬಾಡಿಸಿ. 250 ಗ್ರಾಂ ಪೆನ್ನೆ ಹಾಕಿ, ಅದು ಮುಳುಗುವಷ್ಟು ಮಾತ್ರ ನೀರು, ಉಪ್ಪು. ಮಧ್ಯಮ ಉರಿ, ಒಂದೇ ವಿಷಲ್. ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಚಮಚದಲ್ಲಿ ವೆಯ್ಟ್ ಮೆಲ್ಲಗೆ ಎತ್ತಿ ಪ್ರೆಷರ್ ತೆಗೆಯಿರಿ. ಮುಚ್ಚಳ ತೆಗೆದು ಚೀಸ್ ತುರಿದು ಕಲಸಿ. ಬಸಿಯೋದೇ ಇಲ್ಲ, ಗಂಜಿಯೆಲ್ಲ ಒಳಗೇ. ತೊಳೆಯೋಕೆ ಒಂದೇ ಪಾತ್ರೆ.

ಪಾತ್ರೆ ಪಗಡೆ, 8:24

ಒಂದೇ ಪಾತ್ರೆ!! ನನಗೆ ಇದೇ ಸಾಕು.

ನಿವೃತ್ತ ಮೇಷ್ಟ್ರು, 8:50

ಒಂದು ಎಚ್ಚರಿಕೆ. ಪಾಸ್ತಾ ನೊರೆ ಬರುತ್ತದೆ. ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೊರೆ ವೆಯ್ಟಿನ ತೂತಿಗೆ ಹೋಗಿ ಕಟ್ಟಿಕೊಂಡರೆ ಅಪಾಯ. ಇಡುವ ಮೊದಲು ತೂತಿನ ಮೂಲಕ ಬೆಳಕು ಕಾಣುತ್ತದಾ ಅಂತ ಎತ್ತಿ ಹಿಡಿದು ನೋಡಿ. ಎಣ್ಣೆ ಇದ್ದರೆ ನೊರೆ ಕಡಿಮೆ. ತೆರೆದ ಪಾತ್ರೆಯಲ್ಲಿ ಪಾಸ್ತಾ ಅಂಟದಿರಲಿ ಅಂತ ಎಣ್ಣೆ ಹಾಕುತ್ತಾರಲ್ಲ, ಅದು ಅಂಟೋದನ್ನು ತಡೆಯೋದಿಲ್ಲ. ಎಣ್ಣೆ ಮೇಲೆ ತೇಲುತ್ತದೆ, ಪಾಸ್ತಾ ಕೆಳಗಿರುತ್ತದೆ.

ಸಂಜೆ ಗಡಿಬಿಡಿ, 9:05

ಮುದ್ದೆಯವರಿಗೆ: ಯಜಮಾನರು ಬರೋದು ನನಗಿಂತ ತಡ, 9 ಆಗುತ್ತದೆ. ಪಾತ್ರೆ ಅವರೇ ತೊಳೆಯುತ್ತಾರೆ. ಅತ್ತೆಗೆ ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ, ಕೂತು ತರಕಾರಿ ಹೆಚ್ಚಿಕೊಡುತ್ತಾರೆ. ಆದರೆ ನೀವು ಕೇಳಿದ್ದು ಖುಷಿಯಾಯ್ತು.

ಇನ್ನು ಬೆಳ್ಳುಳ್ಳಿ ಇಲ್ಲದೆ ರುಚಿ ಹೇಗೆ ಬರುತ್ತದೆ ಯಾರಾದರೂ ಹೇಳಿ.

ಉಡುಪಿ ಮಠದ ಬೀದಿ, 9:30

ಇಂಗು. ಎಣ್ಣೆ ಬಿಸಿಯಾದ ಮೇಲೆ ಚಿಟಿಕೆ ಇಂಗು, ಅದು ಉಬ್ಬಿದ ಕೂಡಲೇ ಟೊಮೆಟೊ. ನಮ್ಮ ಮನೆಯಲ್ಲಿ ಈರುಳ್ಳಿಯನ್ನೂ ಹಾಕೋದಿಲ್ಲ. ಇಂಗು, ಕಾಳುಮೆಣಸು, ಕೊನೆಗೆ ಒಂದು ಚಮಚ ತುಪ್ಪ. ಮೆಣಸನ್ನು ಆಗತಾನೇ ಜಜ್ಜಿ ಹಾಕಿ, ಪುಡಿ ಡಬ್ಬಿಯಿಂದ ಬೇಡ.

ಕೋಲಾರದ ತೋಟ, 10:15

ಟೊಮೆಟೊ ಬಗ್ಗೆ ನಾನು ಮಾತಾಡಬೇಕು, ಅದೇ ನಮ್ಮ ಬದುಕು.

ನಾಟಿ ಟೊಮೆಟೊ ಹುಳಿ ಜಾಸ್ತಿ, ರಸ ಜಾಸ್ತಿ. ಹೈಬ್ರಿಡ್ ಗಟ್ಟಿ, ತಿರುಳು ಜಾಸ್ತಿ, ಹುಳಿ ಕಡಿಮೆ. ಸಾರಿಗೆ ನಾಟಿ, ಪಾಸ್ತಾಗೆ ಹೈಬ್ರಿಡ್ ಒಳ್ಳೇದು. ನಾಟಿಯೇ ಇದ್ದರೆ ಈರುಳ್ಳಿಯನ್ನು ಚೆನ್ನಾಗಿ ಹುರಿದು ಒಂದು ಚೂರು ಬೆಲ್ಲ ಹಾಕಿ. ಬಿಸಿ ನೀರಲ್ಲಿ ಹಾಕಿ ಸಿಪ್ಪೆ ಸುಲಿಯೋದೆಲ್ಲ ಬೇಡ. ಟೊಮೆಟೊವನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಕತ್ತರಿಸಿದ ಭಾಗವನ್ನು ತುರಿಯುವ ಮಣೆಗೆ ಹಿಡಿದು ತುರಿಯಿರಿ. ತಿರುಳೆಲ್ಲ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಅಂಗೈಯಲ್ಲಿ ಉಳಿಯುತ್ತದೆ. ನಾಲ್ಕು ಟೊಮೆಟೊಗೆ ಎರಡು ನಿಮಿಷ.

ಆಮೇಲೆ ಅದನ್ನು ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಎಣ್ಣೆ ಅಂಚಿಗೆ ಬಿಡುವ ತನಕ ಕುದಿಸಿ. ಗೊಜ್ಜಿಗೆ ಮಾಡುವ ಹಾಗೇ. ನಿಮ್ಮ ತಟ್ಟೆಯಲ್ಲಿ ಕೆಂಪು ನೀರು ನಿಂತಿದ್ದು ಟೊಮೆಟೊ ಹಸಿ ಇದ್ದದ್ದಕ್ಕೂ ಹೌದು.

2023ರ ಜುಲೈಯಲ್ಲಿ ಕೆಜಿಗೆ 100 ರೂಪಾಯಿ ದಾಟಿದಾಗ ಎಲ್ಲರೂ ಟೊಮೆಟೊ ಬಗ್ಗೆ ಮಾತಾಡಿದರು. ರೇಟು ಬಿದ್ದು ಕ್ರೇಟಿನ ಬಾಡಿಗೆಯೂ ಹುಟ್ಟದೆ ನಾವು ತೋಟದಲ್ಲೇ ಬಿಟ್ಟಾಗ ಯಾರೂ ಮಾತಾಡೋದಿಲ್ಲ. ಅಂಥ ವಾರ 10 ಕೆಜಿ ತಗೊಂಡು ಹೀಗೇ ತುರಿದು ಕುದಿಸಿ ಡಬ್ಬಿಗಳಲ್ಲಿ ಫ್ರೀಜರಿಗೆ ಇಟ್ಟುಕೊಳ್ಳಿ. ನಿಮಗೆ ವಾರದ ಮಧ್ಯೆ ಅರ್ಧ ಕೆಲಸ ಮುಗಿದಿರುತ್ತದೆ, ನಮಗೂ ಮಾಲು ಹೋಗುತ್ತದೆ.

ಒಗ್ಗರಣೆ ಡಬ್ಬಿ, 10:22

ತುರಿಯುವ ಉಪಾಯ ಬಹಳ ಚೆನ್ನಾಗಿದೆ ಅಣ್ಣ. ಫ್ರೀಜರಿನದ್ದೂ ಈ ಸಲ ಮಾಡುತ್ತೇನೆ.

ಮಡಿಕೇರಿ ಮಳೆ, 10:40

ಹಾಲು ಒಡೆದದ್ದಕ್ಕೂ ಉತ್ತರ ಅದೇ, ಹುಳಿ. ಕುದಿಯೋ ಟೊಮೆಟೊಗೆ ಬರೀ ಹಾಲು ಹಾಕಿದರೆ ಒಡೆಯದೆ ಇರೋದಿಲ್ಲ. ಬಿಳಿ ಸಾಸ್ ಬೇಕಾದರೆ ಬೇರೆಯಾಗಿ ಒಂದು ಚಮಚ ಬೆಣ್ಣೆ, ಒಂದು ಚಮಚ ಮೈದಾ ಹುರಿದು ಒಂದು ಕಪ್ ಹಾಲು ಹಾಕಿ ಗಂಟಾಗದ ಹಾಗೆ ತಿರುವಬೇಕು. ವಾರದ ಮಧ್ಯೆ ಅದೆಲ್ಲ ಯಾರು ಮಾಡುತ್ತಾರೆ? ಚೀಸ್ ಕ್ಯೂಬ್ ಸಾಕು. ಸಂಸ್ಕರಿಸಿದ ಚೀಸಿನಲ್ಲಿ ಅದು ಕರಗಿ ಒಂದಾಗೋ ಹಾಗೆ ಲವಣ ಸೇರಿಸಿರುತ್ತಾರೆ, ಟೊಮೆಟೊ ಜೊತೆ ಒಡೆಯೋದಿಲ್ಲ. ಆದರೆ ಉಪ್ಪು ಅದರಲ್ಲೇ ಬೇಕಾದಷ್ಟಿದೆ, ಸಾಸಿಗೆ ಬೇರೆ ಹಾಕಬೇಡಿ.

ಬೆಳಗಾವಿ ಗೋಧಿ, 11:30

ಈ ಪಾಸ್ತಾ ನಮಗೇನು ಹೊಸದಲ್ಲ ನೋಡ್ರಿ. ಬೇಸಿಗೆ ಬಂತಂದ್ರೆ ನಮ್ಮ ಅವ್ವ, ಚಿಕ್ಕವ್ವ, ಓಣಿಯ ಹೆಣ್ಮಕ್ಕಳೆಲ್ಲ ಸೇರಿ ಶಾವಿಗೆ ಹೊಸೆಯುತ್ತಿದ್ದರು. ಜವೆ ಗೋಧಿ ರವೆಯನ್ನು ನೆನೆಸಿ, ನಾದಿ ನಾದಿ ಕೈಯಿಗೆ ರಬ್ಬರಿನ ಹಾಗೆ ಬರಬೇಕು. ಆಮೇಲೆ ಮಣೆ ಮೇಲೆ ಹೊಸೆದು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸೋದು. ಎಳೆ ಗಾಳಿಗೆ ಅಲ್ಲಾಡುತ್ತಿತ್ತು. ನಾವು ಹುಡುಗರು ಹಸಿ ಎಳೆ ಕಿತ್ತು ತಿಂದು ಬೈಸಿಕೊಳ್ಳುತ್ತಿದ್ದೆವು. ಅದೇ ಹಿಟ್ಟಿನಲ್ಲಿ ಗೌಲಿ, ಸೌತೆಬೀಜ ಅಂತ ಸಣ್ಣ ಸಣ್ಣ ಆಕಾರವನ್ನೂ ಬೆರಳಲ್ಲೇ ಮಾಡುತ್ತಿದ್ದರು, ಮದುವೆಗೆ. ಸೌತೆಬೀಜ ಅಂದರೆ ಸೌತೆಕಾಯಿ ಬೀಜದಷ್ಟೇ ಸಣ್ಣದು, ಒಂದು ಸೇರು ಮಾಡಲು ಇಡೀ ಮಧ್ಯಾಹ್ನ.

ಆ ಜವೆ ಗೋಧಿ ಶಾವಿಗೆ ಬೇಯಿಸಿ ಇದೇ ಟೊಮೆಟೊ ಸಾಸು ಹಾಕಿ ತಿಂದು ನೋಡ್ರಿ. ಮೂರೇ ನಿಮಿಷಕ್ಕೆ ಬೇಯುತ್ತದೆ, ಕರಗೋದಿಲ್ಲ. ಮಾರ್ಕೋ ಪೋಲೋ ಚೀನಾದಿಂದ ಇಟಲಿಗೆ ಒಯ್ದನಂತೆ ಇದನ್ನೆಲ್ಲ.

ತೊರಿನೊ ಕನ್ನಡಿಗ, 12:34

ನಿಮ್ಮ ಅವ್ವನ ಮಾತು ಓದಿ ಊರು ನೆನಪಾಯ್ತು. ಮಾರ್ಕೋ ಪೋಲೋ ಕಥೆ ಮಾತ್ರ ಸರಿಯಲ್ಲ. ಅವನು ಹುಟ್ಟಿದ್ದು 1254ರಲ್ಲಿ, ಚೀನಾದಿಂದ ವಾಪಸ್ ಬಂದಿದ್ದು 1295ರಲ್ಲಿ. ಅದಕ್ಕೂ ಮೊದಲು, 1154ರಲ್ಲಿ, ಅಲ್ ಇದ್ರೀಸಿ ಅನ್ನೋ ಭೂಗೋಳಶಾಸ್ತ್ರಜ್ಞ ಸಿಸಿಲಿಯ ಪಲೆರ್ಮೊ ಹತ್ತಿರದ ತ್ರಾಬಿಯಾ ಊರಲ್ಲಿ ಒಣ ಶಾವಿಗೆಯಂಥದ್ದು ಮಾಡಿ ಹಡಗುಗಟ್ಟಲೆ ಬೇರೆ ಕಡೆ ಕಳಿಸುತ್ತಾರೆ ಅಂತ ಬರೆದಿದ್ದಾನೆ. ಅವನು ಅದಕ್ಕೆ ಹೇಳೋ ಅರಬ್ಬಿ ಹೆಸರು ಇತ್ರಿಯ. ನಾನು ಮೇಲೆ ಹೇಳಿದ ಪೂಲ್ಯಾ ಅಜ್ಜಿಯ ಅಡುಗೆಯಲ್ಲಿರೋ ತ್ರಿಯಾ ಅದೇ ಮಾತು.

ಬೆಳಗಾವಿ ಗೋಧಿ, 12:50

ಹೌದಾ! ಇದು ತಿಳಿದಿದ್ದು ಛಲೋ ಆತು.

ಕಡಲ ಬದಿ, 1:15

ನಮ್ಮಲ್ಲಿ ಅಕ್ಕಿದು ಒತ್ತು ಶಾವಿಗೆ, ಕೊಡಗಿನಲ್ಲಿ ನೂಪುಟ್ಟು. ಅದಕ್ಕೆ ಟೊಮೆಟೊ ಸಾಸು ಮಾತ್ರ ಹಾಕಬೇಡಿ ದಯವಿಟ್ಟು. ಕಾಯಿಹಾಲು, ಕೋಳಿ ಸಾರು ಇದ್ದೇ ಇದೆ.

ಹಸಿರು ಚಟ್ನಿ (ತುಮಕೂರು), 2:40

ಕಡಲೆಕಾಯಿ ಬೀಜ, ಕೊತ್ತಂಬರಿ ಸೊಪ್ಪು ಇದೆ ಅಂದಿರಲ್ಲ ಮೇಡಂ, ಅದನ್ನು ಯಾರೂ ಮಾತಾಡಲೇ ಇಲ್ಲ. ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಕೊತ್ತಂಬರಿ ಒಂದು ಕಟ್ಟು, ಒಂದು ಹಸಿಮೆಣಸಿನಕಾಯಿ, ಅರ್ಧ ನಿಂಬೆ ರಸ, ಮೂರು ಚಮಚ ಕಡಲೆಕಾಯಿ ಎಣ್ಣೆ, ಉಪ್ಪು. ಮಿಕ್ಸಿಯಲ್ಲಿ ತರಿಯಾಗಿ ಒಂದು ಸುತ್ತು. ಬಿಸಿ ಪಾಸ್ತಾಗೆ ಬಸಿದ ನೀರಿನ ಜೊತೆ ಕಲಸಿ. ಸಾಸು ಒಲೆ ಮೇಲೆ ಇಡೋದೇ ಬೇಡ. ಇಟಲಿಯ ಜೆನೋವಾ ಕಡೆ ಪೆಸ್ತೊ ಅಂತ ಮಾಡುತ್ತಾರಲ್ಲ, ಆ ಉಪಾಯವೇ ಇದು. ಅವರು ಬೇಸಿಲ್ ಎಲೆ, ಪೈನ್ ಬೀಜ ಹಾಕುತ್ತಾರೆ.

ಬಸವನಗುಡಿ ಬೆಂಚು, 3:00

ಬೇಸಿಲ್ ಅಂದರೆ ತುಳಸಿ ತಾನೇ? ಕಟ್ಟೆಯಲ್ಲಿ ಬೇಕಾದಷ್ಟಿದೆ.

ಹಸಿರು ಚಟ್ನಿ, 3:08

ಬೇಡ ಬೇಡ. ತುಳಸಿ ಬೇರೆ, ಲವಂಗದ ಘಾಟು, ಕಷಾಯ ಕುಡಿದ ಹಾಗಾಗುತ್ತದೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿ. ಬೀಜ ಪಾನಕಕ್ಕೆ ಹಾಕುತ್ತಾರಲ್ಲ, ಅದರ ಗಿಡ. ಬೀಜ ತಂದು ಕುಂಡದಲ್ಲಿ ಉದುರಿಸಿ, ಕೆಲವೇ ದಿನದಲ್ಲಿ ಮೊಳಕೆ ಬರುತ್ತದೆ.

ಉಡುಪಿ ಮಠದ ಬೀದಿ, 3:30

ಸಸ್ಯಾಹಾರಿಗಳಿಗೆ ಒಂದು ಮಾತು. ಇಟಲಿಯಿಂದ ಬರೋ ಅಸಲಿ ಪಾರ್ಮಿಜಾನೊ ಚೀಸಿಗೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಗೊತ್ತಿಲ್ಲದೆ ನಮ್ಮ ಅಮ್ಮನಿಗೆ ಕೊಟ್ಟು ನಾನು ತುಂಬ ನೊಂದುಕೊಂಡೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತನ್ನಿ.

ಜರ್ಮನಿ ಜಾಡು, 4:10

ಮೊಸರೂ ಉಳಿದಿದೆ! ಓದುವಾಗ ನನ್ನ ಜೊತೆ ರೂಮಿನಲ್ಲಿದ್ದ ಟರ್ಕಿ ಹುಡುಗಿ ಮಾಡುತ್ತಿದ್ದದ್ದು. ಬಿಸಿ ಪಾಸ್ತಾ ಮೇಲೆ ಗಟ್ಟಿ ಮೊಸರು, ಅದರ ಮೇಲೆ ಬೆಣ್ಣೆ ಕಾಯಿಸಿ ಖಾರದ ಪುಡಿ ಹಾಕಿ ಚುಂಯ್ ಅಂತ ಸುರಿಯೋದು. ಮೊಸರನ್ನು ಒಲೆ ಮೇಲೆ ಇಡಬಾರದು, ಒಡೆಯುತ್ತದೆ. ಅವಳು ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದಳು, ನೀವು ಜೀರಿಗೆ ಹಾಕಿ. ನಿಮ್ಮ ಮನೆಯವರೆಲ್ಲ ಮೊಸರನ್ನಕ್ಕೇ ಹೋದರು ಅಂದಿರಲ್ಲ, ಅವರಿಗೆ ಇದು ಖಂಡಿತ ಹಿಡಿಸುತ್ತದೆ.

ಕಟ್ಟಾ ಮುದ್ದೆ, 4:25

ಮೊಸರು ಪಾಸ್ತಾ? ಇದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಜರ್ಮನಿ ಜಾಡು, 4:31

ಒಂದು ಸಲ ತಿಂದು ಹೇಳಿ ಸರ್.

ಸಂಜೆ ಗಡಿಬಿಡಿ, ಗುರುವಾರ ರಾತ್ರಿ 9:50

ಇವತ್ತು ಮತ್ತೆ ಮಾಡಿದೆ. ಪೂರ್ತಿ ಹೇಳುತ್ತೇನೆ.

7:50ಕ್ಕೆ ಒಂದೂವರೆ ಲೀಟರ್ ನೀರು ಇಟ್ಟೆ. ಅತ್ತೆ ಕೂತಲ್ಲೇ ಟೊಮೆಟೊ ತುರಿದು ಕೊಟ್ಟರು. ಸಿಪ್ಪೆ ಅಂಗೈಯಲ್ಲಿ ಉಳಿಯೋದನ್ನು ನೋಡಿ ಅವರಿಗೇ ಆಶ್ಚರ್ಯ, ಇನ್ನು ಸಾರಿಗೂ ಹೀಗೇ ಮಾಡ್ತೀನಿ ಅಂದರು. ಇಂಗು, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ ಹಾಕಿ ಎಣ್ಣೆ ಬಿಡುವ ತನಕ ಕುದಿಸಿದೆ. ಮಗಳಿಗೆ ಪೆನ್ನೆ ಕತ್ತರಿಸಿ ನೋಡೋ ಕೆಲಸ ಕೊಟ್ಟೆ. 10 ನಿಮಿಷಕ್ಕೆ ಗೆರೆ ದಪ್ಪ ಇತ್ತು, 11ಕ್ಕೂ ಇತ್ತು, 12ಕ್ಕೆ "ಅಮ್ಮ, ಕೂದಲಷ್ಟೇ ಇದೆ" ಅಂದಳು. ಎರಡು ಲೋಟ ನೀರು ತೆಗೆದಿಟ್ಟು ಬಸಿದೆ. ನಲ್ಲಿ ಹತ್ತಿರ ಹೋಗಲಿಲ್ಲ. ಬಾಣಲೆಗೆ ಹಾಕಿ ಆ ನೀರು ಅರ್ಧ ಲೋಟ ಹಾಕಿ ದೊಡ್ಡ ಉರಿಯಲ್ಲಿ ತಿರುವಿದೆ. ಮೊದಲು ನೀರು ನೀರಾಗಿ ಕಂಡು ಭಯವಾಯ್ತು. ಒಂದು ನಿಮಿಷ ಆದ ಮೇಲೆ ಹೊಳಪು ಬಂತು. ಸೌಟು ಎಳೆದರೆ ಬಾಣಲೆಯ ತಳದಲ್ಲಿ ದಾರಿ ಬಿತ್ತು, ಆ ದಾರಿ ಮೆಲ್ಲಗೆ ಮುಚ್ಚಿಕೊಂಡಿತು. ಒಲೆ ಆರಿಸಿ 2 ಚೀಸ್ ಕ್ಯೂಬ್ ತುರಿದೆ.

ಬ್ರೆಡ್ ಪುಡಿ ಹುರಿದು ಬಟ್ಟಲಲ್ಲಿ ಇಟ್ಟಿದ್ದೆ. ಊಟಕ್ಕೆ ಕೂರೋ ಹೊತ್ತಿಗೆ ಅರ್ಧ ಖಾಲಿ. 8:25ಕ್ಕೆ ತಟ್ಟೆ ಹಾಕಿದ್ದೆ, ಅಂದರೆ 35 ನಿಮಿಷ. 25 ಆಗಲಿಲ್ಲ. ತಟ್ಟೆಯ ಅಡಿಯಲ್ಲಿ ನೀರು ನಿಲ್ಲಲಿಲ್ಲ.

ಅತ್ತೆಗೆ ಸ್ವಲ್ಪ ಗಟ್ಟಿಯಾಯ್ತಂತೆ, ಅವರ ಪಾಲನ್ನು ಇನ್ನೂ ಎರಡು ನಿಮಿಷ ಬೇಯಿಸಿ ಅಂದರು. ಆದರೆ ಎರಡನೇ ಸಲ ಹಾಕಿಸಿಕೊಂಡರು. ನಮ್ಮವರಿಗೆ ಅಂತ ಎತ್ತಿಟ್ಟಿದ್ದು ಅವರು ಬರೋ ಹೊತ್ತಿಗೆ ಗಟ್ಟಿಯಾಗಿತ್ತು, ಉಳಿದಿದ್ದ ನೀರು ಎರಡು ಚಮಚ ಹಾಕಿ ಬಿಸಿ ಮಾಡಿಕೊಟ್ಟೆ, ಸರಿಹೋಯಿತು.

ಮಡಿಕೇರಿ ಮಳೆ, 9:58

ಕೂದಲಷ್ಟೇ ಇದೆ ಅಂದಳಾ! ಮಗಳಿಗೆ ನನ್ನ ಮುದ್ದು ಹೇಳಿ.

ತೊರಿನೊ ಕನ್ನಡಿಗ, 10:05

35 ನಿಮಿಷದಲ್ಲಿ 10 ನಿಮಿಷ ನೀರು ಕುದಿಯೋಕೇ ಹೋಗಿರುತ್ತದೆ. ಚಪ್ಪಲಿ ಬಿಟ್ಟ ಕೂಡಲೇ ಮುಚ್ಚಳ ಮುಚ್ಚಿ ನೀರಿಟ್ಟು, ಆಮೇಲೆ ಬಟ್ಟೆ ಬದಲಾಯಿಸಲು ಹೋಗಿ.

ರಾತ್ರಿ ಪಾಳಿ ಮನೆ, 10:11

ಅಥವಾ ನೀವು ಬಸ್ ಇಳಿದಾಗ ಫೋನ್ ಮಾಡಿದರೆ ಅತ್ತೆಯವರು ನೀರು ಇಟ್ಟಿರಬಹುದು.

ಸಂಜೆ ಗಡಿಬಿಡಿ, 10:15

ಅದನ್ನೇ ಅವರೂ ಹೇಳಿದರು. ಬಾಣಲೆ ತೊಳೆಯೋ ಸದ್ದು ಕೇಳುತ್ತಿದೆ, ನಮ್ಮವರು ಶುರು ಮಾಡಿದ್ದಾರೆ. ಸೋಮವಾರ ಕೊತ್ತಂಬರಿ ಕಡಲೆಕಾಯಿದು. ಹಸಿರು ಚಟ್ನಿಯವರೇ, ಬೀಜದ ಸಿಪ್ಪೆ ತೆಗೀಬೇಕಾ?

ಹಸಿರು ಚಟ್ನಿ, 10:19

ಬೇಕಾಗಿಲ್ಲ. ಹುರಿದು, ಅಂಗೈಯಲ್ಲಿ ಉಜ್ಜಿ ಊದಿ, ಹೋದಷ್ಟು ಹೋಗಲಿ.